ಉಗ್ರಪ್ಪನ ತೋಟ

ಕಂದಿಕೆರೆ ಪಕ್ಕದ ನಮ್ಮೂರಲ್ಲಿ ಚಿರತೆ ಕಾಣಿಸಿಕೊಂಡಾಗಿನಿಂದ ಊರಿನ ಫೋನುಗಳಿಗೆಲ್ಲ ಎಚ್ಚರಿಕೆ ಕಳಿಸುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಪ್ರತಿಸಲ ಟೈಪು ಮಾಡುತ್ತ ಕೂರುವ ತಾಳ್ಮೆ ನನಗೆಲ್ಲಿಂದ ಬರಬೇಕು? ಒಂದು ವಾಕ್ಯ ಬರೆದಿಟ್ಟೆ: "______ ಅವರ ತೋಟದಲ್ಲಿ ಚಿರತೆ ಇದೆ. ಅತ್ತ ಹೋಗಬೇಡಿ." ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಸಾಲಿನ ಕಮ್ಯಾಂಡ್ ಕೊಟ್ಟು ಸರ್ವೆ ನಂಬರು ಹೊಡೆದರೆ ಸಾಕು, ಪಹಣಿಯಲ್ಲಿರುವ ಮಾಲೀಕನ ಹೆಸರು ತಾನೇ ಬಂದು ಆ ಖಾಲಿ ಜಾಗದಲ್ಲಿ ಕೂರುತ್ತಿತ್ತು. ನನಗೆ ಹೆಮ್ಮೆಯೋ ಹೆಮ್ಮೆ.

ಅವತ್ತು ಸಂಜೆ ಫಾರೆಸ್ಟ್ ವಾಚರ್ ವೀರಭದ್ರಯ್ಯ ಫೋನು ಮಾಡಿದರು. "ಉಗ್ರಪ್ಪನ ತೋಟದಾಗೆ ಮರಿ ಹಾಕ್ಕೊಂಡು ಕುಂತದೆ ಕಣಮ್ಮ. ಬೇಗ ಎಲ್ಲಾರ್ಗೂ ತಿಳ್ಸು."

ಆ ತೋಟದ ಸರ್ವೆ ನಂಬರು ಹೊಡೆದೆ, ಎಂಟರ್ ಒತ್ತಿದೆ. ಮೆಸೇಜು ಹೋಯಿತು.

ಸ್ವಲ್ಪ ಹೊತ್ತಿಗೆ ಅವ್ವನ ಫೋನು. ಅವ್ವ ದಿನಾ ನಮ್ಮ ಹಸು ಗೌರಿಯನ್ನು ಕೆರೆ ಹಿಂದಿನ ಲಕ್ಷ್ಮಯ್ಯನ ತೋಟದಲ್ಲಿ ಮೇಯಿಸುತ್ತಿದ್ದಳು.

"ನಿನ್ ಮೆಸೇಜು ಬಂತು ಕಣೇ ಪದ್ಮ. ಲಕ್ಷ್ಮಯ್ಯನ ತೋಟದಲ್ಲಿ ಚಿರತೆ ಅಂತಲ್ಲ, ಜೀವಾನೇ ಬಾಯಿಗೆ ಬಂತು. ಗೌರಿನ ಹೊಡ್ಕೊಂಡು ಉಗ್ರಪ್ಪನ ತೋಟಕ್ಕೆ ಬಂದ್ಬುಟ್ಟೆ."

ಪರದೆ ನೋಡಿದೆ, ಲಕ್ಷ್ಮಯ್ಯನ ಹೆಸರೇ ಹೋಗಿತ್ತು. ಉಗ್ರಪ್ಪ ಆ ತೋಟವನ್ನು ಲಕ್ಷ್ಮಯ್ಯನಿಗೆ ಮಾರಿ ಎಷ್ಟೋ ಕಾಲವಾಗಿದೆ. ಪಹಣಿಯಲ್ಲಿ ಅದು ಲಕ್ಷ್ಮಯ್ಯನದು, ಊರವರ ಬಾಯಲ್ಲಿ ಇಂದಿಗೂ ಉಗ್ರಪ್ಪನದು. ಲಕ್ಷ್ಮಯ್ಯನ ತೋಟವೆಂದರೆ ಊರಿಗೆ ಗೊತ್ತಿರುವುದು ಕೆರೆ ಹಿಂದಿನದೊಂದೇ. ಹಾಳು ಕಂಪ್ಯೂಟರು ಪಹಣಿ ನೋಡಿ ಹೇಳಿತ್ತು. ನೋಡು ಎಂದವಳು ನಾನೇ.

"ಅವ್ವ, ಕೂಗ್ಬೇಡ. ಚಿರತೆ ಇರೋದು ಅಲ್ಲೇ. ಗೌರಿನ ಬುಟ್ಟು ಮೆಲ್ಲಗೆ ರೋಡಿಗೆ ಬಾ."

"ಅಯ್ಯೋ, ಕಟ್ಟಾಕಿದೀನಿ ಕಣೇ. ಬಿಚ್ಕೊಂಡು ಬತ್ತೀನಿ."

"ಅವ್ವ, ಬೇಡ!"

ಆಮೇಲೆ ಅವಳ ಉಸಿರು, ಗೌರಿಯ ಕೊರಳ ಗಂಟೆ, ಅಷ್ಟೇ. ಒಣಗರಿ ತುಳಿದ ಸದ್ದಾಯಿತು. ಗಂಟೆ ಜೋರಾಗಿ ಬಡಿದುಕೊಂಡು ಗಕ್ಕನೆ ನಿಂತಿತು. ಅಷ್ಟು ಭಯ ನಾನು ಯಾವತ್ತೂ ಪಟ್ಟಿರಲಿಲ್ಲ. ದೇವರೇ, ಹಸು ಹೋದರೆ ಹೋಗಲಿ ಎಂದು ಬೇಡಿಕೊಂಡೆ.

ಕೊನೆಗೆ ಅವ್ವನ ದನಿ ಬಂತು. "ರೋಡಿಗೆ ಬಂದೆ. ಗೌರಿ ಬರ್ಲಿಲ್ಲ."

ಸರಿಯಾದ ಮೆಸೇಜು ನಾನೇ ಟೈಪು ಮಾಡಿ ಊರಿಗೆಲ್ಲ ಕಳಿಸಿದೆ.

ಮಾರನೆಯ ದಿನ, ಊರವರು ಕರೆಯುವ ಹೆಸರುಗಳನ್ನೇ ಕಂಪ್ಯೂಟರಿಗೆ ತುಂಬಲು ಕೂತೆ. ಅವ್ವ ಪಕ್ಕದಲ್ಲಿ ಕೂತು ಒಂದೊಂದೇ ತೋಟದ ಹೆಸರು ಹೇಳಿದಳು. ಆ ತೋಟ ಬಂದಾಗ ಮಾತ್ರ ಅವಳು ಹೇಳುವ ಮೊದಲೇ ನಾನೇ "ಉಗ್ರಪ್ಪನ ತೋಟ" ಎಂದು ಹೊಡೆದೆ.

ಅವ್ವ ಪರದೆಯನ್ನೇ ನೋಡಿದಳು.

"ಅದನ್ನ ಅಳ್ಸು ಕಣೇ. ಬೆಳಿಗ್ಗೆಯಿಂದ ಊರೋರೆಲ್ಲ ಗೌರಿ ಸತ್ತ ತೋಟ ಅಂತಾವ್ರೆ."