ನಿಧಾನವಾದ ನೀರು

ಬೆಳಿಗ್ಗೆ ಎಂಟಕ್ಕೆ ಅವಳು ನದಿದಂಡೆಯ ಅಳತೆಪಟ್ಟಿಯನ್ನು ಎರಡೆರಡು ಸಲ ನೋಡಿದಳು. ನಿನ್ನೆ ಸಂಜೆ ಒಂದು ಮೀಟರ್ ಇಪ್ಪತ್ತರಲ್ಲಿದ್ದ ನೀರು ಒಂದು ಎಂಬತ್ತಕ್ಕೆ ಬಂದಿತ್ತು. ಅಪಾಯದ ಕೆಂಪು ಗೆರೆ ಮುಳುಗಿತ್ತು. ವಾರದಿಂದ ಒಂದು ಹನಿ ಮಳೆಯಿಲ್ಲ.

ಹನ್ನೊಂದು ವರ್ಷದಿಂದ ನದಿಯ ಮಟ್ಟ, ವೇಗ ಅಳೆದು ಬರೆದಿಡುವುದೇ ಅವಳ ಕೆಲಸ. ನಿಯಮದಂತೆ ಫೋನ್ ಮಾಡಿ ಮೇಲಧಿಕಾರಿಗೆ ತಿಳಿಸಿದಳು. ಅರ್ಧ ಗಂಟೆಯಲ್ಲಿ ಆದೇಶ ಬಂತು: ನದಿಗೆ ಅಂಟಿಕೊಂಡ ಬೀದಿಯವರೆಲ್ಲ ಸಂಜೆ ನಾಲ್ಕು ಗಂಟೆಯೊಳಗೆ ಮನೆ ಖಾಲಿ ಮಾಡಬೇಕು.

ಅವಳ ಮನೆಯೂ ಅದೇ ಬೀದಿಯಲ್ಲಿತ್ತು. ಸೊಂಟದ ಆಪರೇಷನ್ ಆಗಿ ಒಂಬತ್ತು ದಿನವಾಗಿದ್ದ ಅತ್ತೆ ಕೆಳಗಿನ ಕೋಣೆಯಲ್ಲಿ ಮಲಗಿದ್ದರು. ಅಲುಗಾಡಿಸಬೇಡಿ ಎಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದ್ದರು. ಅವಳು ಫೋನಿನಲ್ಲಿ ವಿಷಯ ಹೇಳಿದಳು.

"ನಾನು ಎಲ್ಲಿಗೂ ಬರಲ್ಲ ಕಣೇ," ಎಂದರು ಅತ್ತೆ. "ಬೇಕಾದ್ರೆ ನದೀನೇ ಬೇರೆ ಬೀದಿ ನೋಡ್ಕೊಳ್ಳಲಿ."

"ತಮಾಷೆ ಬೇಡ ಅತ್ತೆ. ಸ್ಟ್ರೆಚರ್‌ಗೆ ಹೇಳಿದೀನಿ."

ಫೋನಿಟ್ಟ ಮೇಲೂ ಅವಳಿಗೆ ಸಮಾಧಾನವಾಗಲಿಲ್ಲ. ಹಿಂದೆಲ್ಲ ನದಿ ಉಕ್ಕಿದಾಗ ಅವಳು ನಿಂತು ಅಳೆಯುವ ಹಲಗೆ ಕಾಲಡಿ ಅದುರುತ್ತಿತ್ತು, ನೀರು ಕೆಂಪಾಗಿರುತ್ತಿತ್ತು. ಇವತ್ತು ತಿಳಿಯಾಗಿ, ಸುಮ್ಮನೆ ನಿಂತಂತಿತ್ತು. ವೇಗ ಅಳೆಯುವ ಸಮಯ ಇನ್ನೂ ಆಗಿರಲಿಲ್ಲ. ಆದರೂ ಅವಳು ವೇಗ ಅಳೆಯಲು ತೇಲಿಬಿಡುವ ಕಿತ್ತಳೆ ಹಣ್ಣೊಂದನ್ನು ತೆಗೆದು ಮೇಲಿನ ಗೂಟದ ನೇರಕ್ಕೆ ಎಸೆದು, ಸೆಕೆಂಡು ಎಣಿಸುವ ಗಡಿಯಾರ ಒತ್ತಿದಳು. ಐವತ್ತು ಮೀಟರ್ ಆಚೆಯ ಗೂಟ ಮುಟ್ಟಲು ಹಣ್ಣಿಗೆ ಸಾಮಾನ್ಯವಾಗಿ ಐವತ್ತು ಸೆಕೆಂಡು ಸಾಕು. ಈಗ ಎಪ್ಪತ್ತೈದು ಹಿಡಿಯಿತು. ಇನ್ನೂ ಎರಡು ಹಣ್ಣು ಎಸೆದು ನೋಡಿದಳು. ಎಪ್ಪತ್ನಾಲ್ಕು, ಎಪ್ಪತ್ತಾರು.

ಆಳ ಒಂದೂವರೆ ಪಟ್ಟಾಗಿದೆ, ವೇಗ ಮೂರರಲ್ಲಿ ಎರಡು ಪಾಲಿಗೆ ಇಳಿದಿದೆ. ಅಂದರೆ ಹರಿಯುತ್ತಿರುವ ನೀರು ನಿನ್ನೆಯಷ್ಟೇ. ಹೆಚ್ಚು ನೀರು ಬಂದಿಲ್ಲ, ಬಂದದ್ದಕ್ಕೆ ಮುಂದೆ ದಾರಿ ಸಿಗುತ್ತಿಲ್ಲ.

ಮೇಲ್ಭಾಗದ ಅಳತೆ ಕೇಂದ್ರಕ್ಕೆ ಫೋನ್ ಮಾಡಿದಳು. "ಇಲ್ಲೇನೂ ಇಲ್ಲವಲ್ಲ, ಎಂದಿನ ಹಾಗೇ ಇದೆ," ಎಂದಿತು ಆ ಕಡೆಯ ದನಿ.

ಹಾಗಾದರೆ ಅಡ್ಡಿ ಕೆಳಗೆಲ್ಲೋ ಇರಬೇಕು. ಅವಳು ಹರಿವಿನ ದಿಕ್ಕಿಗೆ ಓಡಿದಳು. ಕೆಳಗಿನ ಹಳೆಯ ಸೇತುವೆಯ ಹತ್ತಿರ ದೋಣಿಯವನು ಬಗ್ಗಿ ಏನನ್ನೋ ನೋಡುತ್ತಿದ್ದ. "ಅಕ್ಕ, ಇಲ್ಲಿ ನೋಡಿ," ಎಂದು ಉದ್ದನೆಯ ಕೋಲನ್ನು ನೀರಿಗಿಳಿಸಿದ. ಮೆತ್ತನೆಯದೇನಕ್ಕೋ ತಡೆದು ಅದು ತಳ ಮುಟ್ಟಲೇ ಇಲ್ಲ. ರಾತ್ರಿಯ ಗಾಳಿಗೆ ಬುಡ ಕಿತ್ತು ತೇಲಿಬಂದ ನೀರುಕಳೆ ಐದೂ ಕಮಾನುಗಳ ಬಾಯಿಗೆ ಹಾಸಿಗೆಯಂತೆ ಅಡ್ಡಬಿದ್ದಿತ್ತು.

ಮೇಲಧಿಕಾರಿ ನಂಬಲಿಲ್ಲ. "ಕಿತ್ತಳೆ ಹಣ್ಣಿನ ಮಾತು ಕೇಳಿ ಆದೇಶ ವಾಪಸ್ ತಗೊಳ್ಳಲಾ?"

"ಬಂದು ನೋಡಿ ಸರ್. ತಪ್ಪಾಗಿದ್ರೆ ಬೇರೆಯವರನ್ನ ಹುಡುಕ್ಕೊಳ್ಳಿ."

ಅವರು ಬಂದರು, ಪ್ಯಾಂಟು ಮಡಚಿ ದೋಣಿ ಹತ್ತಿದರು, ತಾವೇ ಕೋಲು ಚುಚ್ಚಿ ನೋಡಿದರು. ಆಮೇಲೆ ಕಳೆ ತೆಗೆಯುವವರನ್ನು ಕರೆಸಿದರು. ಒಮ್ಮೆಲೇ ಎಳೆದರೆ ನೀರು ನುಗ್ಗಿ ಕೆಳಗಿನ ದಂಡೆ ಕೊರೆದೀತೆಂದು ಅವಳು ಅಂಚಿನಿಂದ ಸ್ವಲ್ಪ ಸ್ವಲ್ಪವೇ ತೆಗೆಸಿದಳು. ಮೊದಲ ಕಮಾನು ತೆರೆದಾಗ ನೀರು ಗುಳುಗುಳು ಎಂದು ಉಸಿರು ಬಿಟ್ಟಿತು. ಮಧ್ಯಾಹ್ನ ಎರಡಕ್ಕೆ ಕೆಂಪು ಗೆರೆ ಮತ್ತೆ ಕಾಣಿಸಿತು. ಮೂರಕ್ಕೆ ಅದರ ಕೆಳಗೆ ನಾಲ್ಕು ಬೆರಳು ಒದ್ದೆ ಪಟ್ಟಿ ಕಾಣುತ್ತಿತ್ತು.

"ಯಾರೂ ಮನೆ ಬಿಡೋದು ಬೇಡ ಅಂತ ಹೇಳಿಬಿಡಿ," ಎಂದರು ಅಧಿಕಾರಿ, ಒದ್ದೆ ಕಾಲುಚೀಲ ಹಿಂಡುತ್ತ.

ಸ್ಟ್ರೆಚರಿನವರಿಗೆ ಬೇಡವೆಂದು ತಿಳಿಸಿ ಅವಳು ಮನೆಗೆ ಬಂದಳು. ಬೀದಿಯವರು ಕಟ್ಟಿದ ಗಂಟುಗಳನ್ನು ಬಿಚ್ಚುತ್ತ, ಒಬ್ಬರನ್ನೊಬ್ಬರು ರೇಗಿಸುತ್ತ ಇದ್ದರು. ಅತ್ತೆಯ ಕೋಣೆಗೆ ಹೋಗಿ ಮಂಚದ ಪಕ್ಕ ನೆಲದಲ್ಲೇ ಕುಸಿದು ಕೂತಳು.

ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟರು. "ಊಟ ಮಾಡಿದ್ಯಾ?"

"ಇಲ್ಲ ಅತ್ತೆ."

"ಎದ್ದು ಅನ್ನ ಬಡಿಸ್ಕೋ. ನಂಗೂ ಒಂದು ತುತ್ತು ತಾ. ಬೆಳಿಗ್ಗೆಯಿಂದ ಗಂಟಲಲ್ಲಿ ಏನೂ ಇಳೀಲಿಲ್ಲ."