ಬೀಸುಕಲ್ಲಿನ ಮುಂದೆ ಬಂದ ಮಾತು

ವಾಡಿಯ ಶಾಲಾ ಮಾಸ್ತರ ರೇವಣಪ್ಪ ಹೈದರಾಬಾದಿನ ಟ್ರೇನಿಂಗಿನಲ್ಲಿ ಪಾಶ್ಚಾತ್ಯರ ಹೊಸ ಮನಶ್ಶಾಸ್ತ್ರವನ್ನು ಉರ್ದುವಿನಲ್ಲಿ ಓದಿ ಬಂದಿದ್ದ. ಅದನ್ನು ಹೆಂಡತಿಯ ಮೇಲೆಯೇ ಪ್ರಯೋಗಿಸುವ ದಿನ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. 1937ರ ಬೇಸಿಗೆಯಲ್ಲಿ ಲಲಿತಾಬಾಯಿ ಜ್ವರ ಬಂದು ಮಲಗಿದಳು. ಎದ್ದಾಗ ಬಲಗೈ ಸೋತಿತ್ತು, ಮಾತು ಹೋಗಿತ್ತು. ಕೇಳಿದ್ದೆಲ್ಲ ತಿಳಿಯುತ್ತಿತ್ತು, ಬಾಯಿ ತೆರೆದರೆ ಬರೀ 'ತ, ತ'.

ಗಂಟೆ ಬಾರಿಸಿ ಅನ್ನ ಹಾಕುತ್ತ ಬಂದರೆ, ಕೊನೆಗೆ ನಾಯಿ ಬರೀ ಗಂಟೆಯ ಸದ್ದಿಗೇ ಜೊಲ್ಲು ಸುರಿಸುತ್ತದೆಂದು ಅವನು ಓದಿದ್ದ. ಹಾಗೆಯೇ ಪದಕ್ಕೂ ವಸ್ತುವಿಗೂ ಗಂಟು ಹಾಕಲು ಹೊರಟ. ತಂಬಿಗೆ ತೋರಿಸಿ 'ನೀರು' ಎನ್ನುವನು. ಅವಳು ತುಟಿ ಆಡಿಸಿದರೆ ಬೆಲ್ಲ ಕೊಡುವನು. ಮಳೆಗಾಲ ಬಂದರೂ ಮಾತು ಬರಲಿಲ್ಲ. ಒಂದು ದಿನ ಅವಳು ಬೆಲ್ಲವನ್ನು ಗೋಡೆಗೆ ಎಸೆದು ಅತ್ತಳು.

ಅದೇ ಶಾಲೆಯಲ್ಲಿ ಅರಬ್ಬಿ ಕಲಿಸುತ್ತಿದ್ದ ಬಾಬುಮಿಯಾ ಸುದ್ದಿ ಕೇಳಿ ಮನೆಗೆ ಬಂದರು.

"ಮಾಸ್ತರ, ನೀವು ಖಾಲಿ ಗಡಿಗಿ ತುಂಬಸಾಕತ್ತೀರಿ. ಹಳೇ ಅರಬ್ ಪಂಡಿತರು ಬ್ಯಾರೇನೇ ಹೇಳ್ತಾರ್ರಿ. ವಿದ್ಯಾ ಅನ್ನೋದು ನೆಲದಾಗಿನ ನೀರಿನಂಗ ಜೀವದೊಳಗ ಮೊದಲೇ ಇರ್ತದ. ಅಗದು ತಗಿಯೋದೇ ಕಲಿಸೋದು. ಜುಲುಮ್ ಮಾಡಿದ್ರ ಮನಸ್ಸು ಮುದುಡ್ತದ, ಜೊತಿಗಾರರ ನಡುವ ಬಿಟ್ಟರ ಅರಳ್ತದ."

"ಹೋದ ಮಾತು ಒಳಗ ಎಲ್ಲಿ ಉಳದಿರ್ತದ್ರಿ?"

"ಅದು ನನಗೂ ಗೊತ್ತಿಲ್ಲ. ಜೋರು ಮಾಡಬ್ಯಾಡ್ರಿ, ಇಷ್ಟೇ."

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಶಿವಕಾಂತಮ್ಮ ಲಲಿತಾಬಾಯಿಯನ್ನು ಬೀಸುಕಲ್ಲಿನ ಎದುರು ಕೂರಿಸಿಕೊಂಡಳು. ಗೂಟಕ್ಕೆ ಇಬ್ಬರದೂ ಕೈ. ಜೋಳ ನುರಿಯತೊಡಗಿತು, ಶಿವಕಾಂತಮ್ಮ ತವರಿನ ಹಾಡು ಎತ್ತಿದಳು. ಎರಡನೆಯ ಸಾಲಿಗೆ ಇನ್ನೊಂದು ದನಿ ಸೇರಿತು. ತಮ್ಮ, ಬಾವಿ, ತಿಳಿನೀರು... ಒಂದಕ್ಷರವೂ ತಪ್ಪದೆ ಲಲಿತಾಬಾಯಿ ಹಾಡುತ್ತಿದ್ದಳು.

ರೇವಣಪ್ಪ ಓಡಿ ಬಾಬುಮಿಯಾರನ್ನು ಕರೆತಂದ. ಇಬ್ಬರೂ ಬಾಗಿಲಲ್ಲಿ ನಿಂತರು. ಕಲ್ಲು ನಿಂತಿತು, ಮತ್ತೆ ಬರೀ 'ತ, ತ'. ಕಲ್ಲು ತಿರುಗಿತು, ಮತ್ತೆ ಹಾಡು.

"ಸುಭಾನಲ್ಲಾ!" ಬಾಬುಮಿಯಾರ ಕಣ್ಣು ತುಂಬಿದವು. "ಕಿತಾಬಿನಾಗ ಓದಿದ್ದೆ. ಕಣ್ಣಿಲೆ ನೋಡಿದ್ದಿಲ್ಲ."

"ನಾ ಓದಿದ ಗಂಟೂ ಇದೇ ಇರಬೇಕ್ರಿ. ರಾಗ ಎಳದರ ಮಾತು ಬರಾಕತ್ತದ."

"ಇರಬಹುದು. ಇಬ್ಬರ ಕಿತಾಬಿಗೂ ಸಿಗಲಾರದ್ದೂ ಇದರಾಗ ಇರಬಹುದು, ಮಾಸ್ತರ."

ಅಂದಿನಿಂದ ಅವಳಿಗೆ ನೀರಡಿಕೆಯಾದರೆ ಆ ಹಾಡನ್ನು 'ತಿಳಿನೀರು' ಎಂಬ ಪದದ ತನಕ ಹಾಡಿ ನಿಲ್ಲಿಸುವಳು. ದೀಪಾವಳಿಯ ಹೊತ್ತಿಗೆ ಪದಗಳು ರಾಗ ಬಿಟ್ಟು ಒಂದೊಂದಾಗಿ ಈಚೆ ಬಂದವು. ಒಂದು ಸಂಜೆ ಅವನು ಶಾಲೆಯಿಂದ ಬರುವುದನ್ನು ಕಂಡು, ಅವಳು ತಡವರಿಸುತ್ತ ಕೂಗಿದಳು: "ರೇ... ವಣಪ್ಪಾ!"

"ಅಯ್ಯ, ಗಂಡನ ಹೆಸರು ಹಿಡದು ಕರೀತಿಯಲ್ಲೇ!" ಎಂದು ಶಿವಕಾಂತಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.

ರೇವಣಪ್ಪನಿಗೆ ಹೊಸ್ತಿಲು ದಾಟಲಾಗಲಿಲ್ಲ. ಅಲ್ಲೇ ಕುಳಿತುಬಿಟ್ಟ.