ಎಣ್ಣೆಯ ಕಲೆ

ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಲಾಂಡ್ರಿ ಮನೆಯ ಸೊಸೆಯ ಪಾಡೂ ಅದೇ. ಮೊದಲ ಹೆರಿಗೆಯಲ್ಲಿ ಕೆಳಗೆ ಹರಿದು ಹದಿನೇಳು ಹೊಲಿಗೆ ಬಿದ್ದಿದ್ದವು. ಆರು ತಿಂಗಳು ನೆಟ್ಟಗೆ ಕೂರಲಾಗದೆ, ನಿಂತೇ ಇಸ್ತ್ರಿ ಮಾಡಿ, ನಿಂತೇ ಉಂಡವಳು ಅವಳು. ಎರಡನೇ ಸಲ ಬಸುರಾದಾಗಿನಿಂದ ಅವಳಿಗೆ ಒಂದೇ ಹಟ, ಈ ಸಲ ಹರಿಯಬಾರದು.

ಮೂವತ್ತನಾಲ್ಕು ವಾರ ತುಂಬಿದಾಗ ಆಸ್ಪತ್ರೆಯ ಹಿರಿಯ ನರ್ಸ್ ಉಪಾಯ ಹೇಳಿಕೊಟ್ಟರು. ಉಗುರು ಕತ್ತರಿಸಿ, ಕೈ ತೊಳೆದು, ಹೆಬ್ಬೆರಳಿಗೆ ಎಣ್ಣೆ ಹಚ್ಚಿಕೊಂಡು, ಹೆರಿಗೆಯ ದಾರಿಯ ಕೆಳಗಿನ ಅಂಚನ್ನು ದಿನಕ್ಕೆ ಐದು ನಿಮಿಷ ಮೆಲ್ಲಗೆ ಕೆಳಕ್ಕೂ ಪಕ್ಕಕ್ಕೂ ನೀವಬೇಕು. ಚರ್ಮ ಮೆತ್ತಗಾಗಿ ಹಿಗ್ಗುತ್ತದೆ, ಹರಿಯುವ ಸಂಭವ ಕಡಿಮೆ ಎಂದರು. ರಕ್ತ ಕಂಡರೆ, ನೀರು ಹೋದರೆ ನಿಲ್ಲಿಸಿ ಕೂಡಲೇ ಬನ್ನಿ ಎಂದೂ ಹೇಳಿದರು. ಮೊದಲ ಮಾತಿಗೆ ಮೈಯೆಲ್ಲ ಕಿವಿಯಾಗಿದ್ದವಳು ಎರಡನೆಯದಕ್ಕೆ ಸುಮ್ಮನೆ ತಲೆಯಾಡಿಸಿದಳು. ಹೆದರಿದವರಿಗೆ ತಮಗೆ ಬೇಕಾದದ್ದಷ್ಟೇ ಕೇಳಿಸುವುದು, ಏನು ಮಾಡೋಣ.

ಎಣ್ಣೆ ಬಾಟಲಿ ಬಚ್ಚಲಮನೆಯ ಗೂಡು ಸೇರಿತು. ಮೊದಲ ದಿನವೇ ಗಂಡ ಅದನ್ನು ತಲೆಗೆ ತಿಕ್ಕಿಕೊಂಡು ಬಂದು, ಕೂದಲು ಉದುರುವುದಕ್ಕೂ ಒಳ್ಳೆಯದಾ ಎಂದು ಕೇಳಿದ. ಅವಳು ನಕ್ಕು ನಕ್ಕು ಸುಸ್ತಾಗಿ ಬಾಟಲಿ ಬಚ್ಚಿಟ್ಟಳು. ಆಮೇಲೆ ಆ ಮನೆಯಲ್ಲಿ ಯಾರೂ ಹಾಗೆ ನಗಲಿಲ್ಲ.

ಮೂವತ್ತಾರನೇ ವಾರದಲ್ಲಿ ಒಳಬಟ್ಟೆ ಒದ್ದೆಯಾಗತೊಡಗಿತು. ಎಣ್ಣೆ ಜಾಸ್ತಿಯಾಯಿತೇನೋ ಅಂದುಕೊಂಡು ಟವೆಲ್ ಮಡಿಸಿಟ್ಟುಕೊಂಡಳು. ಮರುದಿನ ಎಣ್ಣೆ ಕಡಿಮೆ ಮಾಡಿದರೂ ಟವೆಲ್ ಇನ್ನಷ್ಟು ಒದ್ದೆ. ಮನಸ್ಸಿಗೆ ಚುಚ್ಚಿತು. ಆದರೆ ಆಸ್ಪತ್ರೆಗೆ ಹೋದರೆ ನೀವುವುದನ್ನು ನಿಲ್ಲಿಸಿಬಿಡುತ್ತಾರೆ, ಇನ್ನು ಹದಿನೈದು ದಿನವಾದರೂ ಬೇಕು ಎಂದು ಆ ಅನುಮಾನವನ್ನು ಅಲ್ಲೇ ಅದುಮಿದಳು. ಐದು ನಿಮಿಷ ಹತ್ತಾಯಿತು. ಮೂರನೇ ದಿನ ಮೈ ಬೆಚ್ಚಗಾಗಿತ್ತು. ಇಸ್ತ್ರಿಯ ಕಾವು ಎಂದಳು.

ಆ ಬೆಳಿಗ್ಗೆ ಅತ್ತೆ ಒಗೆಯುವ ರಾಶಿಯಿಂದ ಟವೆಲ್ ಎತ್ತಿದರು. ನಲವತ್ತು ವರ್ಷ ಊರವರ ಕಲೆ ತೆಗೆದ ಕೈ. ಕಲೆ ಯಾವುದೆಂದು ಅನುಮಾನ ಬಂದರೆ ಮೇಲೊಂದು ಕಾಗದವಿಟ್ಟು ಇಸ್ತ್ರಿ ಒತ್ತಿ ನೋಡುವುದು ಅವರ ಪದ್ಧತಿ. ಎಣ್ಣೆಯಾದರೆ ಕಾಗದ ಹೀರಿಕೊಂಡು ಜಿಡ್ಡಾಗುತ್ತದೆ, ನೀರಾದರೆ ಆವಿಯಾಗಿ ಹೋಗುತ್ತದೆ. ಒತ್ತಿದರು. ಬುಸ್ಸೆಂದು ಆವಿ ಎದ್ದಿತು. ಕಾಗದದ ಮೂಲೆಯಲ್ಲಿ ಕಾಸಗಲ ಜಿಡ್ಡು ಬಿಟ್ಟರೆ ಮತ್ತೇನೂ ಉಳಿಯಲಿಲ್ಲ. ಆವಿಗೆ ಕೆಟ್ಟ ವಾಸನೆಯಿತ್ತು.

"ಇದು ಎಣ್ಣೆ ಅಲ್ಲ ಕಣೇ," ಅಂದರು ಅತ್ತೆ. "ಎಷ್ಟು ದಿನ ಆಯ್ತು?"

"ಮೂರು."

"ಮಗು ಆಡ್ತಿದೆಯಾ?"

ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಳು. ನಿನ್ನೆ ಆಡಿತ್ತೇ? ನೀವುವ ಗಡಿಬಿಡಿಯಲ್ಲಿ ಅವಳು ಗಮನಿಸಿರಲಿಲ್ಲ. ಈಗ ಎಷ್ಟು ಕಾದರೂ ಅಂಗೈಗೆ ಏನೂ ತಾಗಲಿಲ್ಲ.

ಆಸ್ಪತ್ರೆಯಲ್ಲಿ ಅದೇ ನರ್ಸ್ ಯಂತ್ರವನ್ನು ಹೊಟ್ಟೆಯ ಮೇಲೆ ಅತ್ತಿತ್ತ ಸರಿಸಿದರು. ಬಹಳ ಹೊತ್ತಿಗೆ ಎದೆಬಡಿತ ಸಿಕ್ಕಿತು, ಎಣಿಸಲಾಗದಷ್ಟು ವೇಗ. ನೀರಿನ ಚೀಲ ಒಡೆದು ಮೂರು ದಿನವಾಗಿದೆ, ಒಳಗೆ ನಂಜೇರಿದೆ, ಈಗಲೇ ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕು, ಉಳಿಯುತ್ತದೆಂದು ಮಾತು ಕೊಡಲಾಗದು ಎಂದು ಡಾಕ್ಟರು ಹೇಳಿದರು.

ಸೊಸೆ ನರ್ಸ್ ಕೈ ಹಿಡಿದಳು. "ಎಲ್ಲಿ ಬೇಕಾದ್ರೂ ಕೊಯ್ಯಲಿ ಅನ್ನಿ ಅಕ್ಕಾ, ಎಷ್ಟು ಹೊಲಿಗೆಯಾದ್ರೂ ಬೀಳ್ಲಿ. ಅದು ಅಳೋದೊಂದು ನನಗೆ ಕೇಳಿಸ್ಲಿ."

ನರ್ಸ್ ಮಂಚ ತಳ್ಳಿದರು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಅತ್ತೆ, ಆ ಕಾಗದವನ್ನು ಇನ್ನೂ ಕೈಯಲ್ಲಿ ಹಿಡಿದುಕೊಂಡೇ, ಅಳು ಕೇಳುತ್ತದೇನೋ ಎಂದು ಕಿವಿಗೊಟ್ಟು ಕೂತರು.